ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು: ಆಸ್ತಿ ಪತ್ರದ ಮೊದಲ ಪುಟವನ್ನು ಓದುವ ಬಗೆ

ಕ್ರಯಪತ್ರದ ಕರಡು ಕೈಗೆ ಬಂದರೆ ಹೆಚ್ಚಿನವರ ಕಣ್ಣು ಮೊದಲು ಓಡುವುದು ಮೊಬಲಗಿನ ಕಡೆಗೆ, ಆಮೇಲೆ ಚಕ್ಕುಬಂದಿಯ (ನಾಲ್ಕು ದಿಕ್ಕಿನ ಗಡಿಯ) ಕಡೆಗೆ. ಮೊದಲ ಪುಟದ ತಲೆಯಲ್ಲಿ ಇಕ್ಕಟ್ಟಾಗಿ ಕುಳಿತ ಹೆಸರುಗಳನ್ನು ಮದುವೆಯ ಕರೆಯೋಲೆಯ ‘ಆಗಮನಾಭಿಲಾಷಿಗಳು’ ಎಂಬಂತೆ ದಾಟಿಬಿಡುತ್ತೇವೆ. ಮುಂದೆಂದಾದರೂ ಆ ಪತ್ರ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ವಕೀಲರು ಮೊದಲು ಕೆದಕುವುದು ಆ ಹೆಸರುಗಳನ್ನೇ. ಸಹಿ ಹಾಕಿದವರಿಗೆ ಹಕ್ಕಿತ್ತೇ? ಯಾರ ಪರವಾಗಿ ಹಾಕಿದರು? ಹಾಕಬೇಕಾಗಿದ್ದ ಯಾರಾದರೂ ಬಿಟ್ಟುಹೋಗಿದ್ದಾರೆಯೇ?

ಕರ್ನಾಟಕದಲ್ಲಿ ಸೈಟು, ಮನೆ, ಜಮೀನು ಕೊಳ್ಳಲು ಅಥವಾ ಮಾರಲು ಹೊರಟವರು, ತಂದೆಯ ಕಾಲದ ಪತ್ರಗಳನ್ನು ಅರ್ಥ ಮಾಡಿಕೊಳ್ಳಬೇಕಾದವರು ಆ ಮೊದಲ ಪುಟವನ್ನು ಹೇಗೆ ಓದಬೇಕು ಎಂಬುದಷ್ಟೇ ಈ ಲೇಖನದ ವಿಷಯ. ವಕೀಲರ ಬಳಿ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗುವಾಗ ಸರಿಯಾದ ಪ್ರಶ್ನೆ ಹಿಡಿದುಕೊಂಡು ಹೋಗಿ.

ಹೆಜ್ಜೆ 1: ಎರಡು ಬದಿಗಳನ್ನು ಗುರುತಿಸಿ

ಕನ್ನಡದ ಹಳೆಯ ಪತ್ರಗಳಿಗೆ ಒಂದು ಎರಕವಿದೆ. ತಾರೀಖು ಬರುತ್ತದೆ, ಬಳಿಕ ‘ಇಂಥ ಊರಿನಲ್ಲಿ ವಾಸವಾಗಿರುವ ಇಂಥವರ ಮಗನಾದ ಇಂಥವರಿಗೆ’ ಎಂದು ಒಬ್ಬರ ಹೆಸರು, ನಂತರ ಇನ್ನೊಬ್ಬರ ಹೆಸರು, ಕೊನೆಗೆ ‘ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’. ಇಲ್ಲಿ ವಿಭಕ್ತಿಯ ಮೇಲೆ ಕಣ್ಣಿಡಿ. ‘ಇಗೆ’ ಪ್ರತ್ಯಯ ಯಾರ ಹೆಸರಿಗೆ ಹತ್ತಿದೆಯೋ ಅವರು ಪಡೆಯುವವರು. ಅಲ್ಲಿಂದ ಮುಂದೆ ಪತ್ರವೆಲ್ಲ ‘ನಾನು ನಿಮಗೆ’ ಎಂದೇ ಸಾಗುತ್ತದೆ: ನಾನು ಎಂದರೆ ಕೊಡುವವನು, ನೀವು ಎಂದರೆ ಕೊಳ್ಳುವವರು. ಈಗಿನ ಪತ್ರಗಳಲ್ಲಿ ಎರಡೂ ಕಡೆಯವರನ್ನು ಪ್ರತ್ಯೇಕ ಪ್ಯಾರಾಗಳಲ್ಲಿ ಪರಿಚಯಿಸಿ ‘ಮೊದಲನೇ ಪಕ್ಷದವರು’, ‘ಎರಡನೇ ಪಕ್ಷದವರು’ ಎಂದು ಕರೆಯುವುದುಂಟು. ಮೊದಲನೇ ಪಕ್ಷದವರು ಎಂದರೆ ಮಾರುವವರೇ ಆಗಬೇಕೆಂಬ ನಿಯಮವೇನೂ ಇಲ್ಲ. ಕ್ರಮಸಂಖ್ಯೆಯನ್ನು ನಂಬದೆ ವಾಕ್ಯವನ್ನು ಓದಿ.

ಯಾವ ಬಗೆಯ ಪತ್ರಕ್ಕೂ ಹೊಂದುವ ಜೋಡಿ ಪದವೆಂದರೆ ಬರೆದುಕೊಟ್ಟವರು ಮತ್ತು ಬರೆಸಿಕೊಂಡವರು. ಋಣಭಾರ ಪ್ರಮಾಣಪತ್ರದಲ್ಲೂ, ಅಂದರೆ ಎಲ್ಲರೂ ಇಸಿ ಎಂದು ಕರೆಯುವ ಕಾಗದದಲ್ಲೂ, ಇವೇ ಕಾಲಂಗಳಿರುತ್ತವೆ. ಹೊಸಬರು ಇಲ್ಲಿ ಒಮ್ಮೆ ಎಡವುತ್ತಾರೆ: ಬರೆದುಕೊಟ್ಟವರು ಎಂದರೆ ಪತ್ರವನ್ನು ಕೈಯಾರೆ ಬರೆದವರಲ್ಲ. ಅಕ್ಷರ ಬರೆದವರ ಗುರುತು ಕೊನೆಯಲ್ಲಿ ‘ಬಿಕ್ಕಲಂ’ ಎಂಬ ಪದದ ಮುಂದೆ ಇರುತ್ತದೆ, ಅವರು ಪತ್ರಬರಹಗಾರರು. ಬರೆದುಕೊಟ್ಟವರು ಎಂದರೆ ಹಕ್ಕನ್ನು ಬಿಟ್ಟುಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಒತ್ತಿದವರು.

ಈ ಪದಜೋಡಿಯಲ್ಲಿ ಕಾನೂನಿನ ಒಂದು ತಿರುಳೂ ಅಡಗಿದೆ. ಕ್ರಯಪತ್ರ ಸಿಂಧುವಾಗಲು ಬೇಕಾದದ್ದು ಮೂಲತಃ ಕೊಡುವವರ ಸಹಿ. ಕೊಳ್ಳುವವರು ಸಹಿ ಹಾಕಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಹೇಳುವುದಿಲ್ಲ. ನೋಂದಣಿ ಅಧಿನಿಯಮದ 32ಎ ಸೆಕ್ಷನ್ ಬಂದ ಮೇಲೆ ಎರಡೂ ಕಡೆಯವರ ಭಾವಚಿತ್ರ ಮತ್ತು ಬೆರಳಚ್ಚು ಪತ್ರಕ್ಕೆ ಹತ್ತುತ್ತಿವೆ, ಹಾಗಾಗಿ ಈಗ ಇಬ್ಬರೂ ಸಹಿ ಮಾಡುವುದು ರೂಢಿ. ಅಜ್ಜನ ಕಾಲದ ಪತ್ರದಲ್ಲಿ ಕೊಂಡವರ ಸಹಿಯೇ ಇಲ್ಲವೆಂದು ಗಾಬರಿಯಾಗಬೇಡಿ.

ಹೆಸರಿನ ಸುತ್ತಲಿನ ಸಣ್ಣ ಪದಗಳನ್ನೂ ಬಿಡಬೇಡಿ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಉರುಫ್’ ಎಂದರೆ ಇನ್ನೊಂದು ಹೆಸರು, ‘ಲೇಟ್’ ಎಂದರೆ ತೀರಿಕೊಂಡವರು. ಒಂದು ಪತ್ರದಲ್ಲಿ ತಂದೆಯ ಹೆಸರಿನ ಹಿಂದೆ ಲೇಟ್ ಇದ್ದು, ಎರಡು ವರ್ಷದ ನಂತರದ ಇನ್ನೊಂದು ಪತ್ರದಲ್ಲಿ ಅದು ಕಾಣೆಯಾಗಿದ್ದರೆ ಅದು ಬೆರಳಚ್ಚಿನ ತಪ್ಪೋ, ಒಂದೇ ಹೆಸರಿನ ಬೇರೊಬ್ಬರೋ ಎಂದು ವಿಚಾರಿಸಬೇಕು. ಒಂದೇ ಹಳ್ಳಿಯಲ್ಲಿ ಅಜ್ಜನ ಹೆಸರಿಟ್ಟುಕೊಂಡ ಮೂವರು ದಾಯಾದಿಗಳಿರುವ ನಾಡು ನಮ್ಮದು.

ಹೆಜ್ಜೆ 2: ಪತ್ರದ ಬಗೆ ನೋಡಿ, ಬಿರುದು ತಿಳಿಯಿರಿ

ಪತ್ರ ಬದಲಾದಂತೆ ಕೊಡುವವರ ಮತ್ತು ಪಡೆಯುವವರ ಹೆಸರೂ ಬದಲಾಗುತ್ತದೆ. ನಗರಗಳ ಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ವೆಂಡರ್, ಡೋನರ್, ಲೆಸರ್, ಮಾರ್ಟ್‌ಗೇಜರ್ ಎಂಬ ಸಾಲು ಒಂದು ಕಡೆ, ಡೋನೀ, ಲೆಸ್ಸೀ, ಮಾರ್ಟ್‌ಗೇಜೀ ಎಂಬ ಸಾಲು ಇನ್ನೊಂದು ಕಡೆ ಬರುತ್ತದೆ. ಕೊನೆಯಲ್ಲಿ ‘ಅರ್’ ಇದ್ದರೆ ಕೊಡುವವರು, ‘ಈ’ ಇದ್ದರೆ ಪಡೆಯುವವರು. (ವೆಂಡರ್ ಎಂದೊಡನೆ ಸ್ಟಾಂಪ್ ವೆಂಡರ್ ನೆನಪಾದರೆ ಅದು ನಿಮ್ಮ ತಪ್ಪಲ್ಲ. ಅವರೂ ಮಾರುವವರೇ, ಮಾರುವುದು ಕಾಗದವನ್ನು.)

ಈ ಸೂತ್ರ ಸುಲಭವಾಗಿ ಕಂಡರೂ ಅಡಮಾನದ ಹತ್ತಿರ ಬಂದಾಗ ಎಲ್ಲರ ತಲೆಯೂ ತಿರುಗುತ್ತದೆ. ಬ್ಯಾಂಕು ಸಾಲ ಕೊಟ್ಟಿತು, ಹಾಗಾದರೆ ಕೊಟ್ಟವರು ಬ್ಯಾಂಕಿನವರಲ್ಲವೇ? ಅಲ್ಲ. ಹಣ ಯಾವ ಕಡೆಗೆ ಹೋಯಿತೆಂದು ನೋಡದೆ, ಆಸ್ತಿಯ ಮೇಲಿನ ಹಕ್ಕು ಯಾವ ಕಡೆಗೆ ಹೋಯಿತೆಂದು ನೋಡಿ. ಮನೆಯ ಮೇಲೆ ಹಕ್ಕು ಬಿಟ್ಟುಕೊಟ್ಟವರು ಮನೆಯ ಒಡೆಯರು, ಆದ್ದರಿಂದ ಅವರೇ ಮಾರ್ಟ್‌ಗೇಜರ್, ಬರೆದುಕೊಟ್ಟವರು. ಬ್ಯಾಂಕು ಬರೆಸಿಕೊಂಡ ಕಡೆ. ಕನ್ನಡದಲ್ಲಿ ‘ಅಡಮಾನದಾರ’ ಎಂದಷ್ಟೇ ಬರೆದರೆ ಇಟ್ಟವರೋ ಇಟ್ಟುಕೊಂಡವರೋ ಎಂಬ ಗೊಂದಲ ಉಳಿದೇ ಉಳಿಯುತ್ತದೆ. ‘ಅಡಮಾನ ಇಟ್ಟವರು’, ‘ಅಡಮಾನ ಪಡೆದವರು’ ಎಂದು ಬಿಡಿಸಿ ಬರೆಸಿ. ‘ಗುತ್ತಿಗೆದಾರ’ ಪದಕ್ಕೂ ಇದೇ ಗತಿ: ಜಮೀನನ್ನು ಗುತ್ತಿಗೆಗೆ ಪಡೆದವರೂ ಗುತ್ತಿಗೆದಾರರೇ, ಮನೆ ಕಟ್ಟಿಕೊಡುವ ಕಂಟ್ರಾಕ್ಟರೂ ಗುತ್ತಿಗೆದಾರರೇ.

ಕ್ರಯದಲ್ಲಿ ತೊಡಕು ಕಡಿಮೆ. ಮಾರುವವರು, ಕೊಳ್ಳುವವರು, ನಡುವೆ ಬೆಲೆ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿ ನೋಂದಾಯಿತ ಪತ್ರದ ಮೂಲಕವೇ ಮಾರಾಟವಾಗಬೇಕು ಎನ್ನುತ್ತದೆ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಸೆಕ್ಷನ್. 1882ರ ನೂರು ರೂಪಾಯಿ ಇಂದಿಗೂ ಹಾಗೆಯೇ ನಿಂತಿದೆ, ಹಾಗಾಗಿ ಪ್ರಾಯೋಗಿಕವಾಗಿ ಎಲ್ಲ ಆಸ್ತಿಗೂ ನೋಂದಣಿ ಬೇಕು. ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ: ಕ್ರಯದ ಕರಾರಿನಿಂದ ಮಾತ್ರವೇ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಅಂದರೆ ಮುಂಗಡ ಕೊಟ್ಟು ಕರಾರು ಮಾಡಿಕೊಂಡವರು ಇನ್ನೂ ಮಾಲೀಕರಲ್ಲ, ಕ್ರಯಪತ್ರ ಬರೆಸಿಕೊಳ್ಳುವ ಹಕ್ಕನ್ನು ಕೇಳಬಲ್ಲವರು ಅಷ್ಟೇ. ಕರಾರಿನಲ್ಲಿ ‘ಕೊಂಡವರು’ ಎಂಬ ಪದ ಕಂಡರೆ ‘ಕೊಳ್ಳಲಿರುವವರು’ ಎಂದು ತಿದ್ದಿಸಿ.

ದಾನಪತ್ರದಲ್ಲಿ ದಾನಿ ಮತ್ತು ದಾನ ಪಡೆಯುವವರು ಇರುತ್ತಾರೆ, ಬೆಲೆ ಇರುವುದಿಲ್ಲ. ಇಲ್ಲಿ ಪಡೆಯುವವರ ಪಾತ್ರ ಕ್ರಯಕ್ಕಿಂತ ಹೆಚ್ಚು ಕಟ್ಟುನಿಟ್ಟು. ದಾನಿ ಬದುಕಿರುವಾಗಲೇ ದಾನವನ್ನು ಸ್ವೀಕರಿಸಬೇಕು, ಸ್ವೀಕರಿಸುವ ಮೊದಲೇ ದಾನ ಪಡೆಯುವವರು ತೀರಿಕೊಂಡರೆ ದಾನ ಅನೂರ್ಜಿತ. ಆದ್ದರಿಂದ ‘ಈ ದಾನವನ್ನು ನಾನು ಸ್ವೀಕರಿಸಿದ್ದೇನೆ’ ಎಂಬ ಸಾಲು ಮತ್ತು ಅವರ ಸಹಿ ಪತ್ರದಲ್ಲಿರಲಿ. ದಾನಿಯ ಸಹಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಮುಸ್ಲಿಂ ವೈಯಕ್ತಿಕ ಕಾನೂನಿನ ಹಿಬಾಗೆ (ದಾನಕ್ಕೆ) ಸ್ವತ್ತು ವರ್ಗಾವಣೆ ಅಧಿನಿಯಮದ ದಾನದ ಅಧ್ಯಾಯ ಅನ್ವಯಿಸುವುದಿಲ್ಲ, ಅಲ್ಲಿ ಘೋಷಣೆ, ಸ್ವೀಕಾರ, ಸ್ವಾಧೀನ ಕೊಡುವುದು ಈ ಮೂರೇ ಮುಖ್ಯ.

ವಯಸ್ಸಾದ ತಂದೆತಾಯಿ ಮಕ್ಕಳಿಗೆ ಮನೆ ದಾನ ಮಾಡುವುದಿದ್ದರೆ ಇನ್ನೊಂದು ಮಾತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಲು ಅವಕಾಶವಿದೆ. ಆ ಷರತ್ತು ಪತ್ರದಲ್ಲೇ ಇದ್ದರೆ ದಾರಿ ಸುಗಮ. ಮಗನ ಮುಂದೆ ಇದನ್ನೆಲ್ಲ ಬರೆಸಲು ಸಂಕೋಚವಾಗುತ್ತದೆ ಎನ್ನುವ ಹಿರಿಯರನ್ನು ನೋಡಿದ್ದೇನೆ. ಸಂಕೋಚ ಒಂದು ದಿನದ್ದು, ಬರೆಸಿಬಿಡಿ.

ಹಕ್ಕು ಬಿಡುಗಡೆ ಪತ್ರ, ಕೆಲವು ಕಡೆ ಹಕ್ಕು ಖುಲಾಸೆ ಪತ್ರ ಎನ್ನುವುದು, ಸಹ ಹಕ್ಕುದಾರರ ನಡುವಿನ ವ್ಯವಹಾರ. ಬಿಟ್ಟುಕೊಡುವವರಿಗೆ ಆಸ್ತಿಯಲ್ಲಿ ಆಗಲೇ ಪಾಲಿರಬೇಕು, ಪಡೆಯುವವರಿಗೂ ಇರಬೇಕು. ಸೋದರಿಯರು ‘ಅರಿಶಿನ ಕುಂಕುಮದ ಬಾಬ್ತು’ ಇಷ್ಟು ಹಣ ಪಡೆದು ಅಣ್ಣತಮ್ಮಂದಿರಿಗೆ ಬರೆದುಕೊಡುವುದು ಈ ಪತ್ರವನ್ನೇ. ಪಾಲೇ ಇಲ್ಲದ ಹೊರಗಿನವರಿಗೆ ಹಕ್ಕು ಬಿಡುಗಡೆ ಬರೆದುಕೊಡುತ್ತೇನೆ ಎಂದು ಯಾರಾದರೂ ಮುದ್ರಾಂಕ ಶುಲ್ಕ ಉಳಿಸುವ ಉಪಾಯ ಹೇಳಿದರೆ ಎದ್ದು ಬನ್ನಿ. ವಿಭಾಗಪತ್ರದಲ್ಲಿ ಕೊಡುವವರೂ ಇಲ್ಲ, ಪಡೆಯುವವರೂ ಇಲ್ಲ. ಎಲ್ಲರೂ ಪಾಲುದಾರರು, ಒಟ್ಟಿಗೆ ಇದ್ದದ್ದನ್ನು ಬಿಡಿಬಿಡಿಯಾಗಿ ಗುರುತಿಸಿಕೊಳ್ಳುತ್ತಾರೆ. ಎಲ್ಲ ಪಾಲುದಾರರ ಸಹಿಯೂ ಇದೆಯೇ ಎಂಬುದೊಂದೇ ಅಲ್ಲಿ ನೋಡಬೇಕಾದದ್ದು. ವಿನಿಮಯ ಪತ್ರದಲ್ಲಿ ಪ್ರತಿಯೊಬ್ಬರೂ ಏಕಕಾಲಕ್ಕೆ ಕೊಡುವವರೂ ಹೌದು, ಪಡೆಯುವವರೂ ಹೌದು.

ಉಯಿಲು ಈ ಗುಂಪಿಗೆ ಸೇರುವುದಿಲ್ಲ. ಸ್ವತ್ತು ವರ್ಗಾವಣೆ ಎಂದರೆ ಜೀವಂತ ವ್ಯಕ್ತಿಯಿಂದ ಜೀವಂತ ವ್ಯಕ್ತಿಗೆ ಆಗುವ ವರ್ಗಾವಣೆ, ಕಂಪನಿ ಮತ್ತು ಸಂಘಗಳೂ ಇದರಲ್ಲಿ ಸೇರುತ್ತವೆ. ಉಯಿಲು ಜಾರಿಗೆ ಬರುವುದು ಬರೆದವರು ಕಣ್ಣು ಮುಚ್ಚಿದ ಮೇಲೆ. ಅಲ್ಲಿಯವರೆಗೆ ಉಯಿಲಿನ ಫಲಾನುಭವಿಗೆ ಏನೂ ಬಂದಿಲ್ಲ, ಅವರಿಂದ ಕೊಂಡವರಿಗೂ ಏನೂ ಬರುವುದಿಲ್ಲ.

ಇನ್ನು ಭೋಗ್ಯ. ಬೆಂಗಳೂರಿನಲ್ಲಿ ಮನೆಯನ್ನು ‘ಲೀಸ್‌ಗೆ’ ಹಾಕಿಕೊಂಡಿದ್ದೇವೆ ಎನ್ನುವವರನ್ನು ದಿನವೂ ಕಾಣುತ್ತೇವೆ: ಒಂದಿಷ್ಟು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸ, ಹೊರಡುವಾಗ ಹಣ ವಾಪಸ್. ಕಾನೂನಿನ ಕಣ್ಣಿನಲ್ಲಿ ಲೀಸ್ ಎಂದರೆ ಬಾಡಿಗೆಗೋ ಪ್ರತಿಫಲಕ್ಕೋ ಅನುಭವದ ಹಕ್ಕು ಕೊಡುವುದು. ಸಾಲಕ್ಕೆ ಆಧಾರವಾಗಿ ಸ್ವಾಧೀನ ಕೊಟ್ಟು, ಬಡ್ಡಿಯ ಬದಲು ಆಸ್ತಿಯನ್ನು ಅನುಭವಿಸಿಕೊಂಡಿರಿ ಎನ್ನುವುದು ಅಡಮಾನದ ಒಂದು ಬಗೆ, ಅದನ್ನು ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಸೆಕ್ಷನ್ ವಿವರಿಸುತ್ತದೆ. ನಮ್ಮ ಹಳೆಯ ಪದ ‘ಭೋಗ್ಯ’ ಅದನ್ನೇ ಹೇಳುತ್ತದೆ, ಇಂಗ್ಲಿಷಿನ ಲೀಸ್ ಅದನ್ನು ಮರೆಮಾಡುತ್ತದೆ. ಭೋಗ್ಯಕ್ಕೆ ಪಡೆದವರು ಬಾಡಿಗೆದಾರರಾಗದೆ ಅಡಮಾನ ಪಡೆದವರಾದರೆ ಅವರ ಹಣಕ್ಕೆ ಮನೆಯೇ ಆಧಾರವಾಗುತ್ತದೆ. ಆದರೆ ನೂರು ರೂಪಾಯಿ ಮೀರಿದ ಇಂಥ ಅಡಮಾನ ಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳಿರಬೇಕು. ಛಾಪಾ ಕಾಗದದ ಮೇಲೆ ‘ಲೀಸ್ ಅಗ್ರಿಮೆಂಟ್’ ಎಂದು ಬರೆಸಿ ನೋಟರಿಯ ಮುದ್ರೆ ಒತ್ತಿಸಿದ ಕಾಗದಕ್ಕೆ ಆ ಬಲವಿಲ್ಲ. ಮನೆ ಆಗಲೇ ಬ್ಯಾಂಕಿಗೆ ಅಡಮಾನವಾಗಿದ್ದರಂತೂ ಭೋಗ್ಯದವರು ಸಾಲಿನಲ್ಲಿ ಹಿಂದೆ ನಿಲ್ಲುತ್ತಾರೆ. ಲಕ್ಷಗಳನ್ನು ಎಣಿಸುವ ಮೊದಲು ಈ ಮೂರು ವಾಕ್ಯಗಳನ್ನು ಮತ್ತೊಮ್ಮೆ ಓದಿ.

ಸರ್ಕಾರ ಮಂಜೂರು ಮಾಡಿದ ಜಮೀನಿನಲ್ಲಿ ಕೊಟ್ಟವರು ಸರ್ಕಾರ, ಪಡೆದವರು ಮಂಜೂರಾತಿ ಪಡೆದವರು, ಪತ್ರದ ಹೆಸರು ಸಾಗುವಳಿ ಚೀಟಿ. ಅದರಲ್ಲಿ ಪರಭಾರೆ ಮಾಡಬಾರದೆಂಬ ಅವಧಿಯ ಷರತ್ತು ಇರುವುದುಂಟು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯ ಅಡಿಯಲ್ಲಿ ಅದು ವಾಪಸ್ ಹೋಗುತ್ತದೆ. ಆ ಕಾಯ್ದೆಯ ಮೊಟಕು ಹೆಸರಾದ ಪಿಟಿಸಿಎಲ್ ಎಂಬ ನಾಲ್ಕು ಅಕ್ಷರಗಳನ್ನು ತಾಲ್ಲೂಕು ಕಚೇರಿಯ ಸುತ್ತ ಓಡಾಡಿದವರೆಲ್ಲ ಕೇಳಿರುತ್ತಾರೆ.

ಹೆಜ್ಜೆ 3: ಯಾವ ಅಧಿಕಾರದಿಂದ ಸಹಿ ಹಾಕಿದ್ದಾರೆ?

ಹೆಸರು ಒಂದು, ಅಧಿಕಾರ ಇನ್ನೊಂದು. ತನ್ನ ಸ್ವಯಾರ್ಜಿತ ಮನೆಯನ್ನು ಮಾರುವವರ ಸಹಿಗೂ, ಅಣ್ಣನ ಪರವಾಗಿ ಮಾರುವ ತಮ್ಮನ ಸಹಿಗೂ ಕಾಗದದ ಮೇಲೆ ಏನೂ ವ್ಯತ್ಯಾಸ ಕಾಣದು. ವ್ಯತ್ಯಾಸ ಇರುವುದು ಹೆಸರಿನ ಪಕ್ಕದ ಅರ್ಧ ಸಾಲಿನಲ್ಲಿ.

‘ಜಿಪಿಎ ಹೋಲ್ಡರ್’ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರ ಪತ್ರ ಪಡೆದವರು) ಅಥವಾ ‘ಮುಖ್ತ್ಯಾರರು’ ಎಂದಿದ್ದರೆ ಮಾರುವವರು ಅವರಲ್ಲ, ಅಧಿಕಾರ ಕೊಟ್ಟ ಮಾಲೀಕರು. ಜಿಪಿಎಯ ಮೂಲ ಪ್ರತಿ ನೋಡಿ, ಅದರಲ್ಲಿ ಮಾರುವ ಅಧಿಕಾರ ಸ್ಪಷ್ಟವಾಗಿ ಇದೆಯೇ ನೋಡಿ (ನೋಡಿಕೊಳ್ಳಲು ಕೊಟ್ಟ ಅಧಿಕಾರ ಮಾರಲು ಸಾಲದು), ಮಾಲೀಕರು ಬದುಕಿದ್ದಾರೆಯೇ ವಿಚಾರಿಸಿ. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅವರೊಂದಿಗೆ ಮುಗಿಯುತ್ತದೆ. ವಿದೇಶದಲ್ಲಿರುವ ಮಾಲೀಕರಾದರೆ ವಿಡಿಯೊ ಕರೆಯಲ್ಲಿ ಒಂದು ಮಾತು ಕೇಳುವುದಕ್ಕೆ ಯಾರೂ ಬೇಸರ ಪಟ್ಟುಕೊಳ್ಳಬಾರದು. ಪಟ್ಟುಕೊಂಡರೆ ಅದೇ ಒಂದು ಸುಳಿವು. ಜಿಪಿಎ, ಕರಾರು ಮತ್ತು ಉಯಿಲು ಮೂರನ್ನೂ ಸೇರಿಸಿ ‘ಮಾರಾಟ ಆದಂತೆಯೇ’ ಎನ್ನುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಒಪ್ಪಲಿಲ್ಲ. ಅದರಿಂದ ಮಾಲೀಕತ್ವ ದಾಟುವುದಿಲ್ಲ.

‘ಅಪ್ರಾಪ್ತ ವಯಸ್ಕ, ತಾಯಿ ಮತ್ತು ಪೋಷಕಿಯಾದ ಇಂಥವರ ಮೂಲಕ’ ಎಂದಿದ್ದರೆ ಬರೆದುಕೊಡುವವರು ಆ ಮಗು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಂತೆ ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ಸಹಜ ಪೋಷಕರು ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಮಾರಿದರೆ, ಮಗು ದೊಡ್ಡವನಾದ ಮೇಲೆ ಆ ಕ್ರಯವನ್ನು ಪ್ರಶ್ನಿಸಬಹುದು. ಅದಕ್ಕೆ ಪ್ರಾಪ್ತ ವಯಸ್ಸಿನಿಂದ ಮೂರು ವರ್ಷ ಅವಕಾಶ. ಎಂಟು ವರ್ಷದ ಮಗುವಿನ ಸೈಟು ಕೊಂಡವರು ಹದಿಮೂರು ವರ್ಷ ಕಾದು ಕೂರಬೇಕಾದೀತು. ಮಗು ಪಡೆಯುವ ಕಡೆಯಲ್ಲಿದ್ದರೆ ಈ ಭಯವಿಲ್ಲ: ಮಕ್ಕಳ ಹೆಸರಿಗೆ ಪೋಷಕರ ಮೂಲಕ ಆಸ್ತಿ ಕೊಳ್ಳಬಹುದು, ದಾನವನ್ನೂ ಸ್ವೀಕರಿಸಬಹುದು.

‘ಕುಟುಂಬದ ಕರ್ತ’, ಅಂದರೆ ಕುಟುಂಬದ ವ್ಯವಹಾರ ನೋಡಿಕೊಳ್ಳುವವರು, ಎಂದು ಕಂಡರೆ ನಿಧಾನಿಸಿ. ಅವಿಭಕ್ತ ಕುಟುಂಬದ ಆಸ್ತಿಯನ್ನು ಕರ್ತನು ಕುಟುಂಬದ ನಿಜವಾದ ಅಗತ್ಯಕ್ಕೋ ಆಸ್ತಿಯ ಹಿತಕ್ಕೋ ಮಾರಬಲ್ಲ. ಪತ್ರದಲ್ಲಿ ‘ಕುಟುಂಬದ ಖರ್ಚುವೆಚ್ಚಗಳಿಗಾಗಿ’ ಎಂಬ ಸಾಲು ಇದ್ದೇ ಇರುತ್ತದೆ, ಅದು ರೂಢಿಯ ಮಾತು. ಅಗತ್ಯ ನಿಜವಾಗಿಯೂ ಇತ್ತೆಂದು ಮುಂದೆ ತೋರಿಸಬೇಕಾದವರು ಕೊಂಡವರು. ಆದ್ದರಿಂದ ಪಾಲುಳ್ಳ ಎಲ್ಲರನ್ನೂ ಬರೆದುಕೊಡುವವರ ಪಟ್ಟಿಯಲ್ಲೇ ಸೇರಿಸುವುದು ಕ್ಷೇಮ. ಎಲ್ಲರೂ ಎಂದರೆ ಹೆಣ್ಣುಮಕ್ಕಳೂ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಹಭಾಗಿ. ಅದಕ್ಕೆ ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ ಎಂದು 2020ರ ವಿನೀತಾ ಶರ್ಮಾ ತೀರ್ಪು ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆದ ವಿಭಾಗ ಮತ್ತು ಪರಭಾರೆಗಳನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ. ಮದುವೆಯಾಗಿ ಹೋದವಳು ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಕಂಪನಿಯಾದರೆ ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ಆಡಳಿತ ಮಂಡಳಿಯ ನಿರ್ಣಯ, ಟ್ರಸ್ಟ್ ಆದರೆ ಮಾರುವ ಅಧಿಕಾರ ಕೊಡುವ ಟ್ರಸ್ಟ್ ಪತ್ರ ಕೇಳಿ. ದೇವಸ್ಥಾನದ ಜಮೀನಿನ ಒಡೆಯ ದೇವರೇ, ಕಾನೂನಿನ ದೃಷ್ಟಿಯಲ್ಲಿ ದೇವರು ಒಬ್ಬ ವ್ಯಕ್ತಿ. ಅರ್ಚಕರ ಹೆಸರು ಪಹಣಿಯಲ್ಲಿ ಇದ್ದ ಮಾತ್ರಕ್ಕೆ ಅವರು ಬರೆದುಕೊಡುವವರಾಗುವುದಿಲ್ಲ.

ಹೆಜ್ಜೆ 4: ಬದಿಯಲ್ಲಿ ನಿಂತವರು

ಪತ್ರದ ಕೊನೆಯಲ್ಲಿ ‘ಸಾಕ್ಷಿಗಳು’ ಎಂದೂ, ಕೆಲವೊಮ್ಮೆ ‘ಒಪ್ಪಿಗೆ ಸಾಕ್ಷಿಗಳು’ ಎಂದೂ ಹೆಸರುಗಳಿರುತ್ತವೆ. ಸಾಮಾನ್ಯ ಸಾಕ್ಷಿ ದೃಢಪಡಿಸುವುದು ಇಷ್ಟೇ: ಇವರು ಸಹಿ ಹಾಕಿದ್ದನ್ನು ಕಂಡೆ. ಪತ್ರದೊಳಗೆ ಏನಿದೆ ಎಂಬುದು ಆತನಿಗೆ ತಿಳಿದಿತ್ತೆಂದು ಆ ಸಹಿಯೊಂದರಿಂದಲೇ ಹೇಳಲಾಗದು. ಒಪ್ಪಿಗೆ ಸಾಕ್ಷಿ ಒಂದು ಹೆಜ್ಜೆ ಮುಂದೆ: ಈ ವ್ಯವಹಾರಕ್ಕೆ ನನ್ನ ಅಭ್ಯಂತರವಿಲ್ಲ. ಹಾಗೆಂದು ಇವರಿಬ್ಬರಲ್ಲಿ ಯಾರೂ ಬರೆದುಕೊಟ್ಟವರಲ್ಲ.

ನಮ್ಮ ಬಂಧುಬಳಗದಲ್ಲೇ ನಡೆದದ್ದು. ಒಬ್ಬ ಹಿರಿಯ ಹೆಂಗಸು ಅಣ್ಣ ಮಾರಿದ ತೋಟದ ಪತ್ರಕ್ಕೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ್ದರು. ತೋಟ ಅವರ ತಂದೆಯದು, ಅವರಿಗೂ ಅದರಲ್ಲಿ ಪಾಲಿತ್ತು. ‘ತಂಗಿಯೂ ಹೆಬ್ಬೆಟ್ಟು ಒತ್ತಿದ್ದಾಳಲ್ಲ’ ಎಂದು ಕೊಂಡವರು ನೆಮ್ಮದಿಯಿಂದ ಇದ್ದರು. ವರ್ಷಗಳ ನಂತರ ಅವರು ಬ್ಯಾಂಕ್ ಸಾಲಕ್ಕೆ ಹೋದಾಗ ಅಲ್ಲಿನ ವಕೀಲರು ಒಂದೇ ಪ್ರಶ್ನೆ ಕೇಳಿದರು: ಇವರ ಪಾಲನ್ನು ನಿಮಗೆ ಕೊಟ್ಟವರು ಯಾರು? ಮತ್ತೆ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋಗಿ, ಬೇರೆ ಪತ್ರ ಬರೆಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ಆ ಕಡೆ ತೋಟದ ಬೆಲೆ ಏರಿತ್ತು, ಹೆಬ್ಬೆಟ್ಟಿನ ಬೆಲೆಯೂ ಏರಿತ್ತು.

ಪಾಲುಳ್ಳವರ ಹೆಸರು ಮೊದಲ ಪುಟದಲ್ಲಿ ಬರೆದುಕೊಡುವವರ ಸಾಲಿನಲ್ಲಿ ಇರಬೇಕು, ಕೊನೆಯ ಪುಟದ ಸಾಕ್ಷಿಗಳ ಸಾಲಿನಲ್ಲಿದ್ದರೆ ಸಾಲದು. ಸ್ವಯಾರ್ಜಿತ ಆಸ್ತಿಯಾದರೆ ಮಕ್ಕಳಿಗೆ ಪಾಲಿಲ್ಲ, ಅಲ್ಲಿ ಅವರ ಒಪ್ಪಿಗೆ ಸಹಿ ಮುಂದಿನ ಕಿರಿಕಿರಿ ತಪ್ಪಿಸುವ ಮುನ್ನೆಚ್ಚರಿಕೆ ಮಾತ್ರ. ಎರಡೂ ಸಂದರ್ಭಗಳಿಗೆ ಒಂದೇ ಮಾದರಿಯ ಪತ್ರ ಅಚ್ಚು ಹಾಕುವ ಬರಹಗಾರರಿದ್ದಾರೆ. ಹುಷಾರು.

ಹೆಜ್ಜೆ 5: ಸರಪಳಿ ಜೋಡಿಸಿ

ಈಗ ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಬರೆದುಕೊಟ್ಟವರು, ಬಲಕ್ಕೆ ಬರೆಸಿಕೊಂಡವರು ಎಂದು ಎರಡು ಕಾಲಂ ಮಾಡಿ. ಸಿಕ್ಕಿರುವ ಪತ್ರಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ ಹೆಸರು ತುಂಬಿ. ನಿಯಮ ಒಂದೇ: ಒಂದು ಸಾಲಿನ ಬಲಗಡೆ ಇರುವವರೇ ಮುಂದಿನ ಸಾಲಿನ ಎಡಗಡೆ ಬರಬೇಕು. ತಮ್ಮಲ್ಲಿ ಇಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಒಂದು ಕಡೆ ಕೊಂಡಿ ಕಳಚಿದ್ದರೆ ಅಲ್ಲಿಂದ ಕೆಳಗಿನ ಎಲ್ಲ ಹೆಸರುಗಳೂ ಗಾಳಿಯಲ್ಲಿ ತೂಗುತ್ತಿರುತ್ತವೆ, ಎಷ್ಟೇ ಪತ್ರ ನೋಂದಣಿಯಾಗಿರಲಿ.

ಕೊಂಡಿ ಕಳಚಿದಂತೆ ಕಾಣುವ ಕಡೆ ಹೆಚ್ಚಾಗಿ ಒಂದು ಸಾವು ಇರುತ್ತದೆ. 1985ರಲ್ಲಿ ಬರೆಸಿಕೊಂಡವರು ತಾತ, 2012ರಲ್ಲಿ ಬರೆದುಕೊಟ್ಟವರು ಮೊಮ್ಮಗ ಎಂದಿಟ್ಟುಕೊಳ್ಳಿ. ನಡುವೆ ಮರಣ ಪ್ರಮಾಣಪತ್ರ, ವಂಶವೃಕ್ಷ, ವಿಭಾಗಪತ್ರ ಅಥವಾ ಉಯಿಲು ಬೇಕು. ವಂಶವೃಕ್ಷದ ಪ್ರತಿ ಕೊಂಬೆಯನ್ನೂ ಮುಟ್ಟಿ ನೋಡಿ: ಇವರ ಪಾಲು ಯಾವ ಪತ್ರದಿಂದ ಯಾರಿಗೆ ಹೋಯಿತು? ಉತ್ತರವಿಲ್ಲದ ಕೊಂಬೆ ಇದ್ದರೆ ಅವರೂ ಇನ್ನೂ ಮಾಲೀಕರೇ.

ಇದಕ್ಕೆ ಇಸಿ ನೆರವಾಗುತ್ತದೆ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಆದರೆ ನೋಂದಣಿಯಾಗದ ವ್ಯವಹಾರ ಅದರಲ್ಲಿ ಕಾಣದು ಎಂಬುದನ್ನು ಮರೆಯಬೇಡಿ: ಮನೆಯೊಳಗಿನ ಬಾಯಿಮಾತಿನ ಪಾಲು, ನೋಂದಾಯಿಸದ ಉಯಿಲು, ನಡೆಯುತ್ತಿರುವ ದಾವೆ. ದಾವೆ ನಡೆಯುತ್ತಿರುವಾಗ ಕೊಂಡವರು ತೀರ್ಪಿಗೆ ಬದ್ಧರಾಗಬೇಕಾಗುತ್ತದೆ.

ಪಹಣಿಯ 9ನೇ ಕಾಲಂನಲ್ಲಿ ಹೆಸರಿದೆ, ಖಾತೆ ಅವರದೇ, ಕಂದಾಯ ಅವರೇ ಕಟ್ಟುತ್ತಾರೆ ಎಂಬ ವಾದವನ್ನು ನೀವು ಕೇಳದೆ ಇರಲಾರಿರಿ. ಖಾತೆದಾರ ಎಂದರೆ ಕಂದಾಯಕ್ಕೆ ಹೊಣೆಗಾರ. ಕಂದಾಯ ದಾಖಲೆಯ ನಮೂದನ್ನು ಬೇರೆ ಪುರಾವೆ ಬರುವ ತನಕ ಸರಿಯೆಂದು ಭಾವಿಸಲಾಗುತ್ತದೆ, ಆದರೆ ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ. ಖಾತೆ ಪತ್ರವನ್ನು ಹಿಂಬಾಲಿಸುತ್ತದೆ, ಪತ್ರ ಖಾತೆಯನ್ನು ಹಿಂಬಾಲಿಸುವುದಿಲ್ಲ.

ಹೆಜ್ಜೆ 6: ನಿಮ್ಮದೇ ಪತ್ರ ಬರೆಸುವಾಗ

ಕರಡಿನಲ್ಲಿ ಎರಡೂ ಕಡೆಗೆ ಒಂದೊಂದು ಹೆಸರು ಆರಿಸಿ ಕೊನೆಯವರೆಗೆ ಅದನ್ನೇ ಬಳಸಲು ಹೇಳಿ. ಆರಂಭದಲ್ಲಿ ‘ಮಾರಾಟಗಾರರು’, ನಡುವೆ ‘ಒಂದನೇ ಪಾರ್ಟಿ’, ಕೊನೆಗೆ ‘ಮಾಲೀಕರು’ ಎಂದು ಅಲೆದಾಡಿದರೆ ಒಂದು ಕಡೆ ಅದಲುಬದಲಾಗಿಯೇ ತೀರುತ್ತದೆ. ಹಳೆಯ ಪತ್ರದಿಂದ ನಕಲು ಮಾಡಿದ ಕರಡುಗಳಲ್ಲಿ ಹಿಂದಿನ ಗಿರಾಕಿಯ ಹೆಸರು ಒಂದೆರಡು ಕಡೆ ಉಳಿದಿರುವುದೂ ಉಂಟು.

ವ್ಯಾಖ್ಯಾನದ ವಾಕ್ಯವೊಂದು ಬರುತ್ತದೆ: ‘ಈ ಪದವು ಅವರ ವಾರಸುದಾರರು, ನಿರ್ವಾಹಕರು, ಪ್ರತಿನಿಧಿಗಳು ಹಾಗೂ ಅವರಿಂದ ಹಕ್ಕು ಪಡೆದವರನ್ನು ಒಳಗೊಳ್ಳುತ್ತದೆ’. ಉಪಯುಕ್ತ ವಾಕ್ಯವೇ. ಕರಾರಿನ ನಂತರ ಒಂದು ಕಡೆಯವರು ತೀರಿಕೊಂಡರೆ ಅವರ ಮಕ್ಕಳೂ ಮಾತಿಗೆ ಬದ್ಧರೆಂದು ಇದು ನೆನಪಿಸುತ್ತದೆ. ಆದರೆ ಪಾಲುಳ್ಳ ವಾರಸುದಾರರು ಈಗಲೇ ಇದ್ದರೆ ಈ ವಾಕ್ಯ ಅವರ ಸಹಿಗೆ ಬದಲಿಯಾಗುವುದಿಲ್ಲ. ಅಂತೆಯೇ ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ’ ಎಂಬ ಅಷ್ಟಭೋಗದ ಸಾಲನ್ನು ಬೇಡ ಎನ್ನಬೇಡಿ. ಶಾಸನಗಳ ಕಾಲದಿಂದ ಬಂದ ಮಾತು, ಜಾಗವನ್ನೂ ಹೆಚ್ಚು ತಿನ್ನುವುದಿಲ್ಲ.

ಹಣ ನಿಮ್ಮದು, ಹೆಸರು ಇನ್ನೊಬ್ಬರದು ಎಂಬ ಏರ್ಪಾಡಿಗೆ ಹೋಗಬೇಡಿ. ಪತಿ, ಪತ್ನಿ ಅಥವಾ ಮಕ್ಕಳ ಹೆಸರಿನಲ್ಲಿ ಲೆಕ್ಕವಿರುವ ಹಣದಿಂದ ಕೊಳ್ಳುವುದಕ್ಕೆ ವಿನಾಯಿತಿ ಇದೆ, ಗೆಳೆಯನ ಹೆಸರಿನಲ್ಲಿ ಕೊಂಡರೆ ಬೇನಾಮಿ ಕಾಯ್ದೆ ಕಾದಿದೆ. ಆಧಾರ್, ಪ್ಯಾನ್, ಹಿಂದಿನ ಪತ್ರ ಈ ಮೂರರಲ್ಲೂ ಹೆಸರು ಹೇಗಿದೆ ನೋಡಿ, ಬೇರೆಯಾಗಿದ್ದರೆ ‘ಉರುಫ್’ ಹಾಕಿಸಿ ಎರಡನ್ನೂ ಬರೆಸಿ.

ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಉಪನೋಂದಣಾಧಿಕಾರಿಯ ಮುಂದೆ ಮುಖ್ಯ ಪ್ರಶ್ನೆ ಕೇಳುವುದು ಬರೆದುಕೊಟ್ಟವರನ್ನು: ಇದು ನೀವು ಬರೆದುಕೊಟ್ಟ ಪತ್ರವೇ? ಅವರು ಅಲ್ಲ ಎಂದರೆ ನೋಂದಣಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಹಿಂದಿನ ದಿನವೇ ಮೊದಲ ಪುಟವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಓದು ಬಾರದವರಾದರೆ ಅವರ ಕಡೆಯವರೊಬ್ಬರ ಎದುರಿಗೆ ಓದಿ. ನೋಂದಣಿಯಾದ ಮೇಲೆ ಒಂದು ಹೆಸರಿನ ಒತ್ತಕ್ಷರ ಬದಲಾಯಿಸಬೇಕಾದರೂ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಬರೆದುಕೊಟ್ಟ ಅಷ್ಟೂ ಜನ ಮತ್ತೆ ಕಚೇರಿಗೆ ಬರಬೇಕು. ಮಾರಾಟದ ದಿನ ಹನ್ನೊಂದು ಜನ ಒಂದೇ ವ್ಯಾನಿನಲ್ಲಿ ಬಂದಿದ್ದರು; ತಿದ್ದುಪಡಿಗೆ ಹಾಗೆ ಬರುವುದಿಲ್ಲ.